ಅಲ್ಲಿ ಓಡದ ಡಿಸ್ಕು

...ಅಲ್ಲಲ್ಲ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ. ಇಲ್ಲಿ ಕೂತ್ಕೋ, ಈ ಸ್ಟೂಲ್ ಮೇಲೆ. ಆ ಡಬ್ಬ ಪಕ್ಕಕ್ಕೆ ಸರಿಸು... ಬಿದ್ರೂ ಪರವಾಗಿಲ್ಲ, ಎಲ್ಲ ಖಾಲಿ ಡಿಸ್ಕೇ. ಹಾಂ. ಏನು ಹೇಳ್ತಿದ್ದೆ? ಟಿಕೆಟ್ಟು. ಟಿಕೆಟ್ಟು ತೊಗೊಂಡು ಬಂದಿದ್ದೀಯ, ಸರಿ. ಅಪ್ಪನ ಹೆಸರಲ್ಲೂ ಒಂದು ತೊಗೊಂಡು ಬಂದಿದ್ದೀಯ, ಅದೂ ಸರಿ. ನನ್ನನ್ನ ಒಂದು ಮಾತು ಕೇಳಿದ್ಯಾ? "ಅಕ್ಕ, ಅಪ್ಪನ್ನ ಕರ್ಕೊಂಡು ಹೋಗ್ತೀನಿ" ಅಂತ ಬಾಗಿಲಲ್ಲಿ ಶೂ ಬಿಚ್ಚೋಕೆ ಮುಂಚೇನೇ ಹೇಳ್ಬಿಟ್ಟೆ. ಅದಾದ್ಮೇಲೆ ಬಾಯಿಗೆ ಬೀಗ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಪ್ಪ, ನೀನೇನು ಅಲ್ಲಿ ಬಂಗಾರದ ಅಂಗಡಿ ಇಟ್ಟಿದ್ದೀಯಾ?

ಯಾಕೆ ನಗ್ತೀಯ? ...ಓ, ನಗ್ಲಿಲ್ವಾ. ನಕ್ಕೆ ಅನ್ಕೊಂಡೆ.

ಮೆಲ್ಲಗೆ ಮಾತಾಡೋಣ. ಈ ಗೋಡೆ ಆಚೆನೇ ಅಪ್ಪನ ಮಂಚ. ಈಗ ತಾನೇ ಕಣ್ಣು ಮುಚ್ಚಿದ್ದಾರೆ. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಿದ್ರೆ ಸಂಜೆ ಸಮಾಧಾನದಲ್ಲಿ ಇರ್ತಾರೆ, ಇಲ್ಲದಿದ್ರೆ ಸಿಡಿಸಿಡಿ. ನಾನು ಕೈ ಕೆಲಸ ನಿಲ್ಲಿಸಲ್ಲ, ತಪ್ಪು ತಿಳ್ಕೋಬೇಡ. ದರ್ಜಿ ಮಗಳ ಮದುವೆ ವಿಡಿಯೋ ಇದು. ಗಂಡಿನ ಕಡೆಯವರು ಅರ್ಧ ಜನ ನಿಮ್ಮ ದೇಶದಲ್ಲೇ ಇರೋದು. ಸಂಜೆ ಬರ್ತಾರೆ ಡಿಸ್ಕಿಗೆ. ಎಷ್ಟೋ ವರ್ಷ ಆದ್ಮೇಲೆ ತಮ್ಮ ಬಂದಿದ್ದಾನೆ, ಇನ್ನೊಂದು ದಿನ ಬನ್ನಿ ಅಂತ ಹೇಳ್ಬಹುದಿತ್ತು. ಹೇಳ್ಲಿಲ್ಲ. ಕೈಯಲ್ಲಿ ಏನಾದ್ರೂ ಕೆಲಸ ಇಲ್ಲದಿದ್ರೆ ನಂಗೆ ಮಾತು ಬರಲ್ಲ ಕಣೋ.

ನೋಡಿಲ್ಲಿ, ಹತ್ರ ಬಾ. ಈ ಎರಡು ಟೀವಿ ಇದೆಯಲ್ಲ. ಎಡಗಡೆದು ಇಲ್ಲೀದು, ಪಾಲ್ ಸಿಸ್ಟಮ್ಮು. ಬಲಗಡೆದು ನಿಮ್ಮ ಕಡೆದು, ಎನ್‌ಟಿಎಸ್‌ಸಿ. ನಿಂಗೆ ಇದೆಲ್ಲ ಎಲ್ಲಿ ಗೊತ್ತು! ಚಿಕ್ಕೋನಿದ್ದಾಗ ಈ ರೂಮಿಗೆ ಬಂದ್ರೆ ವಯರು ಎಳೀತಿದ್ದೆ, ಅಪ್ಪ ನಿನ್ನ ಕಿವಿ ಹಿಡಿದು ಆಚೆ ಬಿಡ್ತಿದ್ರು. ನಮ್ಮ ಟೀವಿ ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ತೋರ್ಸತ್ತೆ. ನಿಮ್ಮದು ಮೂವತ್ತು. ಸಾಲದು ಅಂತ ಗೆರೆಗಳ ಲೆಕ್ಕ ಬೇರೆ, ಬಣ್ಣ ಕೂರಿಸೋ ರೀತಿನೂ ಬೇರೆ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ, ಹಾಗೆ. ಇಲ್ಲೀ ಡಿಸ್ಕನ್ನ ಹಾಗೇ ತೊಗೊಂಡು ಹೋಗಿ ಅಲ್ಲಿ ಹಾಕಿದ್ರೆ ಒಂದೋ ಪ್ಲೇಯರು ಹಾಕಿದ್ದನ್ನ ಹಾಗೇ ಉಗುಳತ್ತೆ, ಇಲ್ಲಾ ಚಿತ್ರ ಕಪ್ಪು ಬಿಳುಪಾಗಿ ಮೇಲಿಂದ ಕೆಳಗೆ ಉರುಳ್ತಾನೇ ಇರತ್ತೆ. ಅದಕ್ಕೇ ನಮ್ಮ ಅಂಗಡಿ ನಡೀತಿರೋದು!

ಸರಿ, ಇಪ್ಪತ್ತೈದನ್ನ ಮೂವತ್ತು ಮಾಡಬೇಕು. ಆ ಐದು ಎಲ್ಲಿಂದ ತರೋದು? ಹೇಳು. ...ಹೇಳಲ್ಲ, ಬಿಡು. ಈ ಮೆಷಿನ್ನೇ ಹಿಂದಿನ ಚಿತ್ರ, ಮುಂದಿನ ಚಿತ್ರ ಎರಡೂ ಬೆರೆಸಿ ಒಂದು ಮಾಡಿ ನಡುವೆ ಸೇರಿಸಿಬಿಡತ್ತೆ. ಇಗೋ ಇಲ್ಲಿ ನಿಲ್ಲಿಸ್ತೀನಿ... ದರ್ಜಿ ಹೆಂಡತಿ ಯಾರನ್ನೋ ಬಾ ಬಾ ಅಂತ ಕರೀತಿದ್ದಾಳಲ್ಲ, ಎಷ್ಟು ಕೈ ಅವಳಿಗೆ? ಎಣಿಸು. ಮೂರು! ಓಡ್ತಾ ಇದ್ರೆ ಯಾರ ಕಣ್ಣಿಗೂ ಬೀಳಲ್ಲ. ಅಪ್ಪ ಮಾತ್ರ ಇಂಥದ್ದನ್ನೆಲ್ಲ ಹುಡುಕಿ ಹುಡುಕಿ ತೋರಿಸೋರು. "ನೋಡು, ಈ ಗಳಿಗೆ ನಡೆದೇ ಇಲ್ಲ, ಆದ್ರೂ ದುಡ್ಡು ಕೊಟ್ಟು ನೋಡ್ತಾರೆ" ಅಂತ ನಗೋರು.

ಬಾಗಿಲ ಕಡೆ ಯಾಕೆ ನೋಡ್ತಿದ್ದೀಯ? ಎದ್ದಿಲ್ಲ. ಎದ್ರೆ ಮೊದ್ಲು ಕೆಮ್ತಾರೆ, ನಂಗೆ ಗೊತ್ತಾಗತ್ತೆ.

ಬೆಳಿಗ್ಗೆ ಆಗಿದ್ದಕ್ಕೆ ಬೇಜಾರು ಮಾಡ್ಕೊಂಡ್ಯಾ? ಮಾಡ್ಕೋಬೇಡ. ನಿನ್ನ ಅವತಾರ ಒಂದ್ಸಲ ಕನ್ನಡಿಲಿ ನೋಡ್ಕೋ. ಹೋಗೋವಾಗ ಕಡ್ಡಿ ಹಾಗಿದ್ದೆ, ಈಗ ನಿನಗಿಂತ ಮುಂಚೆ ನಿನ್ನ ಹೊಟ್ಟೆ ಮನೆಯೊಳಗೆ ಬಂತು. ತಲೆ ಮೇಲೆ ಇದ್ದ ಕೂದಲೆಲ್ಲ ಗಲ್ಲಕ್ಕೆ ಇಳಿದಿದೆ. ನಾನೇ ಬಾಗಿಲು ತೆಗೆದು "ಯಾರು ಬೇಕಿತ್ತು" ಅಂದೆ! ಅಂಥದ್ರಲ್ಲಿ ಅಪ್ಪ ಹೇಗೆ ಗುರ್ತು ಹಿಡೀತಾರೆ? ಆದ್ರೂ ನೋಡು, ಮರ್ಯಾದೆ ತಪ್ಪಲಿಲ್ಲ. ಬನ್ನಿ, ಕೂತ್ಕೊಳ್ಳಿ ಅಂದ್ರು. ಯಾರ ಮದುವೆ ಅಂತ ಕೇಳಿದ್ರು. ಡಿಸ್ಕು ಯಾವ ದೇಶಕ್ಕೆ ಹೋಗಬೇಕು ಅಂದ್ರು. ನೀನು ಪೆಚ್ಚು ಪೆಚ್ಚಾಗಿ ನಿನ್ನ ದೇಶದ ಹೆಸರು ಹೇಳ್ದೆ, ತಟ್ಟಂತ "ಹಾಗಿದ್ರೆ ಎನ್‌ಟಿಎಸ್‌ಸಿ ಆಗ್ಬೇಕು, ಒಂದು ವಾರ ಹಿಡಿಯತ್ತೆ" ಅಂದ್ರಲ್ಲ! ಮಗನ್ನ ಮರೆತಿದ್ದಾರೆ, ಕಸುಬು ಮರೆತಿಲ್ಲ. ಅಲ್ಲಿ ನಾನಿದ್ದಿದ್ರೆ ನಕ್ಕುಬಿಡ್ತಿದ್ದೆ. ಹಾಲು ಉಕ್ಕತ್ತೆ ಅಂತ ಒಳಗೆ ಓಡಿದ್ದೆ ನಾನು.

ಏನು, ಹಾಲು ಒಲೆ ಮೇಲೆ ಇರ್ಲಿಲ್ವಾ? ಇತ್ತಪ್ಪ. ಇಟ್ಟಿದ್ದೆ. ಇಡಬೇಕು ಅಂತ ಹೋದೆ. ಏನಾದ್ರೂ ಒಂದು... ಅಡುಗೆಮನೆ ಅಂದ್ಮೇಲೆ ನೂರೆಂಟು ಕೆಲಸ ಇರತ್ತೆ, ಬಂದವನು ನೀನು ಒಲೆ ಇಣುಕಿ ನೋಡ್ತೀಯಾ?

ಕೇಳು. ಕೂತು ನಿಧಾನವಾಗಿ ಕೇಳು. ನಿನ್ನ ಮನಸ್ಸು ಒಳ್ಳೇದೇ. ಅಲ್ಲಿ ಇಂಥವರಿಗೆ ಅಂತಾನೇ ಮನೆ ಇದೆ, ನಿನ್ನ ಮನೆಯಿಂದ ನಡ್ಕೊಂಡು ಹೋಗೋ ದೂರ, ಮುಂದೆ ತೋಟ, ಹಗಲು ರಾತ್ರಿ ನರ್ಸು. ಫೋಟೋ ತೋರಿಸಿದ್ಯಲ್ಲ, ಚೆನ್ನಾಗಿದೆ. ಗೋಡೆಗೆ ಹಾಕಿರೋ ಬಣ್ಣ ಚೆನ್ನಾಗಿದೆ. ಆದ್ರೆ ಅಲ್ಲಿ ಯಾರಿದ್ದಾರೋ ಅವರಿಗೆ? ಯಾರ ಮುಖ ಗೊತ್ತು? ಹೆತ್ತ ಮಗ ನಿನ್ನನ್ನೇ ಗಿರಾಕಿ ಅನ್ಕೊಂಡ್ರು. ನಿನ್ನ ಹೆಂಡತಿನ ಏನು ಅನ್ಕೋತಾರೆ? ಇನ್ನು ಆ ನರ್ಸುಗಳು... ನಮ್ಮ ಮಾತೂ ಬರಲ್ಲ ಅವರಿಗೆ. ಇಲ್ಲಾದ್ರೆ ನಾನಿದ್ದೀನಿ. ನನ್ನೊಬ್ಬಳನ್ನ ಬಿಟ್ರೆ ಅವರಿಗೆ ಈಗ ಇನ್ನು ಯಾರ ಗುರ್ತೂ ಇಲ್ಲ. ನನ್ನೂ ತಪ್ಪಿಸಿಬಿಟ್ರೆ ಏನು ಉಳೀತು? ಅದನ್ನ ಯೋಚನೆ ಮಾಡು. ಅಷ್ಟೇ ನಾನು ಹೇಳೋದು.

ಯಾಕೆ ಹಾಗೆ ನೋಡ್ತೀಯ? ಸುಳ್ಳು ಹೇಳ್ತಿದ್ದೀನಾ? ನಾನು ಕಳಿಸ್ತಿದ್ದ ಅಪ್ಪನ ಡಿಸ್ಕುಗಳಲ್ಲಿ ನೀನೇ ನೋಡಿದ್ದೀಯ. ಬಾಯಿ ಬಿಟ್ರೆ ಮಗಳು. ಕೂತ್ರೆ ಮಗಳು, ನಿಂತ್ರೆ ಮಗಳು. "ನನ್ನ ಮಗಳ ಹಾಗೆ ಎಡಿಟಿಂಗ್ ಮಾಡೋರು ಈ ಊರಲ್ಲಿ ಯಾರಿದ್ದಾರೆ?" ಅಂದ್ರಲ್ಲ, ನೀಲಿ ಸ್ವೆಟರ್ ಹಾಕ್ಕೊಂಡಿದ್ದಾಗ, ಅದು ನಿಂಗೆ ಕಳ್ಸಿದ್ನಲ್ಲ? ಅದೇನು ನಾನು ಹೇಳ್ಕೊಟ್ಟು ಹೇಳಿಸಿದ್ದಾ? ಒಂದೊಂದು ಸಲ ನಂಗೇ ನಾಚಿಕೆ ಆಗತ್ತೆ. ನೆಟ್ಟಗಿದ್ದಾಗ ಒಂದು ದಿನಾನೂ ಹೊಗಳಿದೋರಲ್ಲ. "ಈ ಕಟಿಂಗ್ ಸರಿ ಇಲ್ಲ, ಮತ್ತೆ ಮಾಡು." "ಬಣ್ಣ ಜಾಸ್ತಿ ಆಯ್ತು, ಮತ್ತೆ ಮಾಡು." ಅಷ್ಟೇ ಅವರ ಬಾಯಲ್ಲಿ ಬರ್ತಿದ್ದಿದ್ದು. ಅಮ್ಮ ಹೋದ ಮೇಲಂತೂ ಅದೂ ಇಲ್ಲ, ಬರೀ ಬೆರಳು ತೋರ್ಸೋರು, ಇದು, ಇದು. ಈಗ ನೋಡು.

ಹೂಂ? ಏನಂದೆ? ಡಿಸ್ಕು ಯಾಕೆ ಅಷ್ಟು ಚಿಕ್ಕದು ಅಂತಾನಾ? ಅಯ್ಯೋ, ಕತ್ತರಿ ಹಾಕದೆ ಯಾರು ಕಳಿಸ್ತಾರೋ! ಅಪ್ಪನೇ ಕಲ್ಸಿದ್ದು ನಂಗೆ. ಮದುವೆ ಮನೆ ಅಂದ್ಮೇಲೆ ಜಗಳ ಆಗೇ ಆಗತ್ತೆ, ಡಿಸ್ಕಲ್ಲಿ ಮಾತ್ರ ಆಗಬಾರದು. ಎಷ್ಟು ಮದುವೆಲಿ ನಾನೇ ಮುನಿಸ್ಕೊಂಡ ಭಾವನ್ನ ತೆಗೆದಿದ್ದೀನಿ, ಅಳ್ತಿದ್ದ ಹೆಣ್ಣನ್ನ ತೆಗೆದಿದ್ದೀನಿ. ಅದೆಲ್ಲ ನೋಡಿ ನೋಡಿನೇ ನನ್ನ ಮದುವೆ ನಂಗೆ ಬೇಡ ಅನ್ನಿಸಿದ್ದು... ಇರ್ಲಿ ಬಿಡು. ಅಪ್ಪಂದೂ ಹಾಗೇ. ದಿನದಲ್ಲಿ ಸುಮ್ಮನೆ ಗೋಡೆ ನೋಡ್ತಾ ಕೂರೋದೇ ಜಾಸ್ತಿ. ಉಗುಳೋದು, ತಟ್ಟೆ ತಳ್ಳೋದು, ಒದ್ದೆ ಬಟ್ಟೆ... ಅದನ್ನೆಲ್ಲ ದೂರದಲ್ಲಿರೋನು ನೋಡಿ ಏನು ಮಾಡ್ತೀಯ? ನಗು ಬಂದಿದ್ದು, ಮಾತಾಡಿದ್ದು ಒಟ್ಟು ಮಾಡಿ ನಿಮ್ಮ ಸಿಸ್ಟಮ್ಮಿಗೆ ಬದಲಾಯಿಸಿ ಕಳಿಸ್ತಿದ್ದೆ. ನಿನ್ನ ಮಗ ತಾತನ್ನ ನಗ್ತಾ ನೋಡಲಿ ಅಂತ. ಅದ್ರಲ್ಲೇನು ತಪ್ಪು?

ತಪ್ಪು ಅಂತ ನೀನು ಹೇಳ್ಲಿಲ್ಲ. ಗೊತ್ತು.

ನೀರು ಕುಡೀತೀಯಾ? ಆ ಬಾಟ್ಲು ಬೇಡ, ಅದು ಟೇಪ್ ಮೆಷಿನ್ನಿನ ಹೆಡ್ ತೊಳೆಯೋ ದ್ರಾವಣ. ಈ ಕಡೆದು ತೊಗೋ... ಒಂದು ತಮಾಷೆ ಹೇಳ್ತೀನಿ. ಹಿಂದೊಂದು ದಿನ ನಾನು ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಇಟ್ಟು ಅವರಿಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸೋಕೆ ಹೋದ್ರೆ, "ಸ್ವಲ್ಪ ಎಡಕ್ಕೆ ಬನ್ನಿ, ಬೆಳಕು ನಿಮ್ಮ ಹಿಂದೆ ಇದೆ" ಅಂತಾರೆ! ಚಮಚ ಹಿಡ್ಕೊಂಡು ಎಡಕ್ಕೆ ಬಂದೆ. "ಹಾಂ, ಈಗ ನಗಿ" ಅಂದ್ರು. ನಕ್ಕೆ. ಆಮೇಲೆ ತಿಂದ್ರು. ಕೂಸು ಕೂಸು. ಅಲ್ಲಿ ನಿಮ್ಮ ನರ್ಸಿಗೆ ಇದೆಲ್ಲ ಅರ್ಥ ಆಗತ್ತಾ? ಎಡಕ್ಕೆ ಬರ್ತಾಳಾ ಅವಳು?

"ಬನ್ನಿ" ಅಂದ್ರು ಅಂತಾನಾ? ...ಹೂಂ, ಬಹುವಚನ. ವಯಸ್ಸಾದ್ಮೇಲೆ ಎಲ್ರಿಗೂ ಬಹುವಚನನೇ ಕಣೋ. ಬೆಕ್ಕಿಗೂ ಬಹುವಚನ. ಮೆತ್ತಗಾಗಿದ್ದಾರೆ ತುಂಬಾ. ಬೆಳಿಗ್ಗೆ ನೀನು ಕೇಳಿಸ್ಕೊಂಡ್ಯಲ್ಲ, ನಾನು ಹೋಗಿ ಶಾಲು ಹೊದಿಸಿದಾಗ "ಅಮ್ಮಾ, ಇವರಿಗೆ ಟೀ ಕೊಡಿ" ಅಂದ್ರು. ಯಾವ ಅಪ್ಪ ಮಗಳನ್ನ ಅಮ್ಮ ಅನ್ನಲ್ಲ ಹೇಳು? ನೀನೂ ಮಗನ್ನ ಅಪ್ಪಾ ಅಂತ ಕರೀತೀಯಲ್ಲ ಫೋನಲ್ಲಿ. ಅಷ್ಟೇ ಅದು. ಅದ್ರಲ್ಲಿ ಏನಾದ್ರೂ ಹುಡುಕ್ತಾ ಕೂರಬೇಡ.

ಇರು, ಇದು ಮುಗೀತು. ಡಿಸ್ಕು ತೆಗೀತೀನಿ. ಬಿಸಿ ಇದೆ. ನೋಡು, ಹೀಗೆ ಗುರ್ತು ಹಾಕ್ತೀನಿ ನಾನು, ಅಂಚಲ್ಲಿ ಒಂದು ನೀಲಿ ಚುಕ್ಕೆ. ನೀಲಿ ಚುಕ್ಕೆ ಇದ್ರೆ ಅಲ್ಲೀದು, ಇಲ್ಲದಿದ್ರೆ ಇಲ್ಲೀದು. ಎಷ್ಟು ವರ್ಷದಿಂದ ಮಾಡ್ತಿದ್ದೀನಿ, ಒಂದು ಗಿರಾಕಿದೂ ಅದಲು ಬದಲು ಆಗಿಲ್ಲ. ಆಗಿದ್ದು ಒಂದೇ ಸಲ... ಅದೂ ನಿನ್ನದೇ. ಕುಂಬಾರನ ಮನೆಲಿ ಕುಡಿಯೋಕೆ ಮಡಕೆ ಇಲ್ಲ ಅಂದ ಹಾಗೆ! ಫೋನ್ ಮಾಡಿದ್ಯಲ್ಲ, "ಅಕ್ಕ, ಈ ಸಲದ್ದು ಬರ್ತಿಲ್ಲ, ಬರೀ ಗೆರೆ ಉರುಳ್ತಿದೆ" ಅಂತ. ನಾನು ಎಸೆದುಬಿಡು ಅಂದೆ. ಮಾರನೇ ದಿನಾನೇ ಬೇರೆ ಕಳಿಸ್ದೆ. ಅದು ಓಡ್ತಲ್ಲ? ಓಡ್ತು ಅಂದೆ ನೀನು.

ಆ ಹಳೇದನ್ನ ಎಸೆದೆ ತಾನೇ?

ಏನಿಲ್ಲ, ಸುಮ್ನೆ ಕೇಳ್ದೆ. ಅದ್ರಲ್ಲಿ ಏನೂ ಇರ್ಲಿಲ್ಲ. ಅದೇ ಬ್ರೆಡ್ಡು ತಿನ್ನೋದು. ಕತ್ತರಿ ಹಾಕದೆ ಇದ್ದಿದ್ದು, ಉದ್ದ, ಬೋರು. ಅಂಥದ್ದು ಒಂದೊಂದು ಮಾಡಿ ಇಟ್ಕೋತೀನಿ ನಾನು, ಇಲ್ಲೀ ಟೀವಿಗೆ, ನನಗೆ ಅಂತ. ಪೂರ್ತಿ, ಏನೂ ತೆಗೀದೆ. ನಿನ್ನದು ಕವರಿಗೆ ಹಾಕೋವಾಗ ಅಪ್ಪ ಒಳಗೆ ಏನೋ ಬೀಳಿಸಿದ್ರು, ಎದ್ದು ಓಡ್ದೆ, ಬಂದು ಚುಕ್ಕೆ ನೋಡದೆ ನನ್ನದನ್ನ ಹಾಕಿ ಅಂಟಿಸ್ಬಿಟ್ಟೆ. ನೀನು ಬರ್ತಿಲ್ಲ ಅಂದಾಗ... ನಿಜ ಹೇಳ್ಲಾ, ಉಸಿರು ಬಂತು ನಂಗೆ. ಸದ್ಯ, ಅಲ್ಲಿ ಓಡಲ್ಲ ಅಂತ. ನಮ್ಮ ಟೀವಿಗೂ ನಿಮ್ಮ ಟೀವಿಗೂ ಆಗಿಬರಲ್ಲ ಅಂತ ಮೊದಲನೇ ಸಲ ಖುಷಿ ಪಟ್ಟೆ.

ಯಾಕೆ ಅಂದ್ರೆ... ಒದ್ದೆ ಬಟ್ಟೆ ಎಲ್ಲ ಇತ್ತು ಅದ್ರಲ್ಲಿ. ಅದಕ್ಕೆ. ಮರ್ಯಾದೆ ಪ್ರಶ್ನೆ. ಇನ್ನೇನಿರತ್ತೆ?

ಮೊದ್ದು, ಏನಾದ್ರೂ ಹೇಳೋ. ಎಸೆದೆ ಅನ್ನು, ಮುಗಿದುಹೋಯ್ತು. ಚಿಕ್ಕೋನಿದ್ದಾಗ ಮುರಿದ ಆಟದ ಸಾಮಾನು ಸಹ ಎಸೀತಿರ್ಲಿಲ್ಲ ನೀನು, ಮಂಚದ ಕೆಳಗೆ ಸೇರಿಸ್ತಿದ್ದೆ, ಅದಕ್ಕೇ ಕೇಳ್ತಿದ್ದೀನಿ. ನಿನ್ನ ಟೀವಿಲಿ ಬರಲ್ಲ. ನಿನ್ನ ಪ್ಲೇಯರ್‌ಲೂ ಬರಲ್ಲ, ಅದರ ನಂಬರು ಹಿಂದೇನೇ ಕೇಳಿ ತಿಳ್ಕೊಂಡಿದ್ದೀನಿ. ಯಾರ ಮನೆಗೆ ತೊಗೊಂಡು ಹೋದ್ರೂ ಅಲ್ಲಿ ಅದೇ ಗತಿ. ಇನ್ನು ಬರೋದಿದ್ರೆ ಕಂಪ್ಯೂಟರ್‌ನಲ್ಲಿ. ಕಂಪ್ಯೂಟರ್‌ಗೆ ಪಾಲೂ ಒಂದೇ, ಎನ್‌ಟಿಎಸ್‌ಸಿನೂ ಒಂದೇ, ಹಾಕಿದ್ದನ್ನೆಲ್ಲ ನುಂಗತ್ತೆ. ನಿನಗೇನು ಹೊಳೆಯತ್ತೆ ಅದೆಲ್ಲ, ಬಲ್ಬು ಬದಲಾಯಿಸೋಕೆ ಹೆಂಡತಿನ ಕರೆಯೋನು...

ನಿನ್ನ ಮಗನ ಹತ್ರ ಒಂದು ಕಂಪ್ಯೂಟರ್ ಇದೆ ಅಂದಿದ್ದೆ, ಅಲ್ವಾ. ಶಾಲೆ ಪಾಠಕ್ಕೆ ಅಂತ.

...

ತಲೆ ಎತ್ತು. ನನ್ನ ನೋಡು.

...ಎಲ್ಲಿ ತನಕ ನೋಡ್ದೆ?

ಪೂರ್ತಿನಾ. ಹುಡುಗನ ಜೊತೇನಾ? ...ಒಬ್ಬನೇ. ಸರಿ. ಅಷ್ಟು ಪುಣ್ಯ.

ಹಾಗಿದ್ರೆ ಬೆಳಿಗ್ಗೆಯಿಂದ ನಾನು ಹೇಳ್ತಿರೋದನ್ನೆಲ್ಲ ಗೊತ್ತಿದ್ದೂ ಕೇಳ್ತಾ ಕೂತಿದ್ದೀಯ. ನನ್ನೊಬ್ಬಳ ಗುರ್ತು ಇದೆ ಅಂದೆ. ಅದನ್ನೂ ಕೇಳ್ದೆ. ಒಂದು ಸಲಾನೂ "ಸುಳ್ಳು ಹೇಳ್ಬೇಡ ಅಕ್ಕ" ಅನ್ನಲಿಲ್ಲ. ಅಂದಿದ್ರೆ ಜಗಳ ಆಡ್ತಿದ್ದೆ. ಜಗಳ ಆಡೋಕೆ ಚೆನ್ನಾಗಿರ್ತಿತ್ತು.

ಇಲ್ಲ ಕಣೋ. ನನ್ನ ಗುರ್ತೂ ಇಲ್ಲ. ಹೋಗಿ ತುಂಬಾ ದಿನ ಆಯ್ತು. ನಾನು ಅವರಿಗೆ ಕೆಲಸಕ್ಕೆ ಬಂದಿರೋ ಹೆಂಗಸು. ಒಳ್ಳೇ ಹೆಂಗಸು. ನೀನು ಕೇಳಿಸ್ಕೊಂಡ್ಯಲ್ಲ ಅದ್ರಲ್ಲಿ... ಬಾಯಿ ಒರೆಸ್ತಾ ನಾನು ಮರೆತು "ಅಪ್ಪಾ" ಅಂದೆ, ತಟ್ಟೆ ತಳ್ಳಿಬಿಟ್ರು. "ಯಾರ್ರೀ ನೀವು ನನ್ನ ಅಪ್ಪ ಅನ್ನೋಕೆ? ನನಗಿರೋದು ಒಬ್ಬಳೇ ಮಗಳು" ಅಂತ. ಎಷ್ಟು ಕೋಪ! ಆಮೇಲೆ ತಾವೇ ಸಮಾಧಾನ ಆಗಿ, "ಬೇಜಾರು ಮಾಡ್ಕೋಬೇಡಿ ಅಮ್ಮ, ನೀವು ಒಳ್ಳೆಯವರು, ನನ್ನ ಮಗಳಿಗಿಂತ ಚೆನ್ನಾಗಿ ನೋಡ್ಕೋತೀರಿ, ಅವಳು ಈ ಕಡೆ ಬರೋದೇ ಇಲ್ಲ" ಅಂತ ಅಂದ್ರು. ಕ್ಯಾಮೆರಾ ಓಡ್ತಾನೇ ಇತ್ತು. ನಾನು ತಟ್ಟೆ ಎತ್ಕೊಂಡೆ, ನೆಲ ಒರೆಸ್ದೆ. ಅಳು ಬರತ್ತೇನೋ ಅಂತ ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಈಗಲೂ ಇಲ್ಲ. ಇಲ್ಲಿ ಮುಟ್ಟು... ಬೇಡ ಬಿಡು. ಚಳಿಲಿ ಕೈ ಜೋಮು ಹಿಡಿಯತ್ತಲ್ಲ, ಹಾಗಿದೆ ಎಲ್ಲ.

ಅದಕ್ಕೇ ಬಂದೆ ನೀನು. ಅಪ್ಪನಿಗೋಸ್ಕರ ಅಲ್ಲ. ಅಯ್ಯೋ ಮೊದ್ದು... ನನ್ನ ಬಿಡಿಸೋಕೆ ಬಂದ್ಯಾ? ಟಿಕೆಟ್ಟು ತೊಗೊಂಡು, ರಜಾ ಹಾಕಿ, ಅಷ್ಟು ದೂರ!

ಅಳಬೇಡ. ಏಯ್, ದೊಡ್ಡ ಹೊಟ್ಟೆ ಇಟ್ಕೊಂಡು ಅಳ್ತಾರಾ? ಕೇಳು. ಬಿಡುಗಡೆ ಕೊಡ್ತೀಯ, ತೊಗೊಂಡು ನಾನೇನು ಮಾಡ್ಲಿ ಹೇಳು. ಅವರು ಎದ್ರೆ ನನ್ನ ಸುದ್ದಿ ಶುರು ಮಾಡ್ತಾರೆ. ನನ್ನ ಮಗಳು ಹಾಗೆ, ನನ್ನ ಮಗಳು ಹೀಗೆ, ಸಿಟ್ಟು ಜಾಸ್ತಿ, ಕೈ ಚುರುಕು, ಮೀನಿನ ಹಾಗೆ ಕಣ್ಣು. ಹೊಗಳ್ತಾರೆ, ಬೈತಾರೆ, ಕಾಯ್ತಾರೆ. ಎದುರಿಗೆ ಕೂತು ಹೂಂ ಹೂಂ ಅಂತ ಕೇಳ್ತೀನಿ. ಹೌದಾ ಸಾರ್, ನೋಡೋಕೆ ಹೇಗಿದ್ದಾಳೆ ಸಾರ್ ಅಂತ ಕೇಳ್ತೀನಿ. ನನ್ನ ಬಗ್ಗೆ ದಿನವಿಡೀ ಮಾತಾಡೋರು ಇನ್ನು ಯಾರಿದ್ದಾರೋ ನಂಗೆ? ಅವರನ್ನ ಕರ್ಕೊಂಡು ಹೋದ್ರೆ ಈ ಮನೇಲಿ ನನ್ನ ಹೆಸರು ಎತ್ತೋರು ಇರಲ್ಲ.

ಹೂಂ... ಕೆಮ್ಮಿದ್ರು. ಎದ್ರು.

ಬಂದೆ ಸಾರ್! ಬಂದೆ, ಒಂದು ನಿಮಿಷ!

ಹಾಗೆ ಬೆಚ್ಚಿಬೀಳಬೇಡ. ಸಾರ್ ಅಂದ್ರೇನೇ ಓಗೊಡೋದು ಅವರು. ನೀನು ಇಲ್ಲೇ ಇರು, ಮುಖ ತೊಳ್ಕೋ. ಕರ್ಕೊಂಡು ಹೋಗೋದೋ ಬೇಡವೋ, ನಂಗೆ ಗೊತ್ತಿಲ್ಲ, ಕೇಳಬೇಡ ನನ್ನ. ನೀನೇ ಏನಾದ್ರೂ ಮಾಡು. ಆದ್ರೆ ಕರ್ಕೊಂಡು ಹೋದ್ರೆ ಒಂದು ನೆನಪಿಟ್ಕೋ. ಎದ್ದ ತಕ್ಷಣ ಅವರು ಕೇಳೋದು "ನನ್ನ ಮಗಳು ಬಂದ್ಲಾ?" ಅಂತ. ಇಲ್ಲ ಅಂದ್ರೆ ಹೆದರ್ತಾರೆ. ಬಂದಿದ್ದಾಳೆ ಅಂದ್ರೆ ಎದ್ದು ಹುಡುಕ್ತಾರೆ. "ನಾಳೆ ಬರ್ತಾಳೆ" ಅನ್ನಬೇಕು. ಮುಂದಿನ ವಾರ ಅಂದ್ರೆ ಒಪ್ಪಲ್ಲ, ನಾಳೆ ಅಂತಾನೇ ಹೇಳ್ಬೇಕು. ಆ ನರ್ಸುಗಳಿಗೆ ಬೇರೆ ಏನೂ ಬರದಿದ್ರೂ ಪರವಾಗಿಲ್ಲ, ಈ ಎರಡು ಶಬ್ದ ನಮ್ಮ ಮಾತಲ್ಲಿ ಕಲಿಸು.

ಬಂದೆ ಸಾರ್... ಇಲ್ಲೇ ಇದ್ದೀನಿ. ಇಲ್ಲ ಸಾರ್, ಇನ್ನೂ ಬಂದಿಲ್ಲ. ನಾಳೆ ಬರ್ತಾಳೆ.